ನದಿಯ ನಾಡಿ

ರೋಗಿಯ ನಾಡಿಯನ್ನು ಹಿಡಿದು ಅವನ ದೇಹಸ್ಥಿತಿಯನ್ನು ಅರಿಯುವ ಪದ್ಧತಿ ನಮ್ಮಲ್ಲಿ ಬಹು ಪ್ರಾಚೀನವಾದುದು. ಮಾತು ಬಾರದ ನದಿಯ ಆರೋಗ್ಯವನ್ನು ತಿಳಿಯಬೇಕಾದರೆ ಯಾವ ನಾಡಿಯನ್ನು ಹಿಡಿಯಬೇಕು? ವಿಜ್ಞಾನಿಗಳು ಕಂಡುಕೊಂಡ ಉತ್ತರಗಳಲ್ಲಿ ಒಂದು ನಮಗೆಲ್ಲ ಪರಿಚಿತವಾದ ಜೀವಿಗೆ ಸಂಬಂಧಿಸಿದುದು. ಅದೇ ಮೀನು.

ನದಿಯ ನೀರನ್ನು ಸೀಸೆಯಲ್ಲಿ ತುಂಬಿ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ವಾಡಿಕೆ. ಇದು ಅವಶ್ಯಕವೇ ಸರಿ. ಆದರೆ ಸೀಸೆಯ ನೀರು ತನ್ನನ್ನು ತುಂಬಿಕೊಂಡ ಗಳಿಗೆಯ ಸಂಗತಿಯನ್ನು ಮಾತ್ರ ಹೇಳಬಲ್ಲುದು. ರಾತ್ರಿ ನದಿಗೆ ಬಿದ್ದ ವಿಷವು ಬೆಳಗಾಗುವುದರೊಳಗೆ ಕೊಚ್ಚಿಹೋಗಿದ್ದರೆ ಅದರ ಸುಳಿವು ಸೀಸೆಗೆ ಸಿಕ್ಕದು. ಮೀನು ಹಾಗಲ್ಲ. ಅದು ಹಗಲಿರುಳೂ ವರ್ಷಗಟ್ಟಲೆ ಆ ನೀರಿನಲ್ಲಿಯೇ ಬಾಳಿ, ಅದರ ಒಳಿತು ಕೆಡುಕುಗಳನ್ನೆಲ್ಲ ಉಂಡಿರುತ್ತದೆ. ಹಲವು ಋತುಗಳ ಚರಿತ್ರೆ ಮೀನಿನ ಬದುಕಿನಲ್ಲಿ ದಾಖಲಾಗಿರುತ್ತದೆ.

ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಮೀನುಗಳು ಕಿವಿರುಗಳ ಮೂಲಕ ಹೀರಿಕೊಳ್ಳುತ್ತವೆ. ಪಟ್ಟಣದ ಕೊಳಚೆ ನದಿಯನ್ನು ಸೇರಿದಾಗ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಅಸಂಖ್ಯವಾಗಿ ಬೆಳೆದು ಈ ಆಮ್ಲಜನಕವನ್ನು ಬಳಸಿಬಿಡುತ್ತವೆ. ಆಗ ಎಲ್ಲ ಮೀನುಗಳೂ ಒಮ್ಮೆಗೇ ಅಳಿಯುವುದಿಲ್ಲ. ತಿಳಿಯಾಗಿ ಹರಿಯುವ ನೀರನ್ನೇ ಬಯಸುವ ಮಹಶೀರ್‌ನಂತಹ ಮೀನುಗಳು ಮೊದಲು ಮರೆಯಾಗುತ್ತವೆ. ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲ ಕೊರವ ಮೀನು, ಕೊಳಕನ್ನು ಸಹಿಸಬಲ್ಲ ತಿಲಾಪಿಯ ಮುಂತಾದವು ಉಳಿದುಕೊಳ್ಳುತ್ತವೆ. ಆದುದರಿಂದ ನದಿಯಲ್ಲಿ ಮೀನುಗಳುಂಟೇ ಎಂದು ಕೇಳಿದರೆ ಸಾಲದು. ಯಾವ ಮೀನುಗಳುಂಟು, ಯಾವುವು ಇಲ್ಲವಾದವು ಎಂದು ಕೇಳಬೇಕು.

ಈ ವಿಚಾರಕ್ಕೆ ಕ್ರಮಬದ್ಧವಾದ ಲೆಕ್ಕದ ರೂಪವನ್ನು ಕೊಟ್ಟವನು ಅಮೆರಿಕದ ಜೀವವಿಜ್ಞಾನಿ ಜೇಮ್ಸ್ ಕಾರ್. 1981ರಲ್ಲಿ ಆತನು ಪ್ರಕಟಿಸಿದ ವಿಧಾನದಲ್ಲಿ ಹನ್ನೆರಡು ಅಳತೆಗಳಿವೆ. ನದಿಯ ಒಂದು ಭಾಗದಲ್ಲಿ ಎಷ್ಟು ಜಾತಿಯ ಮೀನುಗಳಿವೆ? ಮಾಲಿನ್ಯವನ್ನು ಸಹಿಸಲಾರದವು ಎಷ್ಟು? ಕೀಟಗಳನ್ನು ತಿನ್ನುವವು, ಇತರ ಮೀನುಗಳನ್ನು ಬೇಟೆಯಾಡುವವು, ಸಿಕ್ಕಿದ್ದನ್ನೆಲ್ಲ ತಿನ್ನುವವು ಯಾವ ಪ್ರಮಾಣದಲ್ಲಿವೆ? ಹುಣ್ಣು, ಗಂತಿ, ಅಂಗವಿಕಾರಗಳುಳ್ಳವು ಎಷ್ಟು? ಇಂತಹ ಪ್ರಶ್ನೆಗಳಿಗೆ ಉತ್ತರವನ್ನು ಪಡೆಯಲು ತರಬೇತಿ ಹೊಂದಿದವರು ಬಲೆಗಳಿಂದಲೋ, ನೀರಿನಲ್ಲಿ ಮಿತವಾದ ವಿದ್ಯುತ್ತನ್ನು ಹರಿಸಿ ಮೀನುಗಳನ್ನು ಕ್ಷಣಕಾಲ ಮೂರ್ಛೆಗೊಳಿಸಿಯೋ ಹಿಡಿದು, ಪರೀಕ್ಷಿಸಿ, ಎಣಿಸುತ್ತಾರೆ. ಅನಂತರ ಅವನ್ನು ನೀರಿಗೆ ಮರಳಿ ಬಿಡುತ್ತಾರೆ.

ಹೀಗೆ ದೊರೆತ ವಿವರಗಳನ್ನು ಅದೇ ಪ್ರದೇಶದಲ್ಲಿ ಮಾನವನಿಂದ ಹೆಚ್ಚು ಕೆಡದೆ ಉಳಿದಿರುವ ಹೊಳೆಯೊಂದರ ಸ್ಥಿತಿಯೊಡನೆ ಹೋಲಿಸಲಾಗುತ್ತದೆ. ಅದಕ್ಕೆ ಸಮೀಪವಾಗಿದ್ದರೆ 5, ಸ್ವಲ್ಪ ಭಿನ್ನವಾಗಿದ್ದರೆ 3, ಬಹಳ ದೂರವಾಗಿದ್ದರೆ 1 ಅಂಕ. ಹನ್ನೆರಡು ಅಳತೆಗಳೂ ಉತ್ತಮವಾಗಿದ್ದಲ್ಲಿ ನದಿಗೆ 60 ಅಂಕಗಳು ದೊರೆಯುತ್ತವೆ. ಎಲ್ಲವೂ ಕೆಟ್ಟಿದ್ದಲ್ಲಿ ಕೇವಲ 12. ಪ್ರತಿಯೊಂದು ನಾಡಿನ ಮೀನುಗಳೂ ಬೇರೆ ಬೇರೆಯಾದುದರಿಂದ ಈ ಅಳತೆಗಳನ್ನು ಆಯಾ ಪ್ರದೇಶಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಬೇಕಾಗುತ್ತದೆ.

ಮೀನುಗಳ ಒಟ್ಟು ಸಂಖ್ಯೆಯೊಂದನ್ನೇ ನಂಬಿದರೆ ಆಗುವ ಪ್ರಮಾದಕ್ಕೆ ನಮ್ಮ ಕಾವೇರಿಯೇ ನಿದರ್ಶನವಾಗಿದೆ. ಬೆನ್ನಿನ ಮೇಲೆ ಡುಬ್ಬವುಳ್ಳ ಭಾರಿ ಗಾತ್ರದ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲದೆ ಜಗತ್ತಿನ ಬೇರೆಲ್ಲಿಯೂ ಸಹಜವಾಗಿ ಇಲ್ಲ. ಮಹಶೀರ್‌ಗಳ ಸಂತತಿಯನ್ನು ಹೆಚ್ಚಿಸುವ ಸದುದ್ದೇಶದಿಂದ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೀಲಿ ಈಜುರೆಕ್ಕೆಯ ಇನ್ನೊಂದು ಜಾತಿಯ ಮರಿಗಳನ್ನು ಈ ನದಿಗೆ ತಂದು ಬಿಡಲಾಯಿತು. ಗಾಳ ಹಾಕಿ ಮೀನನ್ನು ಹಿಡಿದು, ತೂಗಿ, ಮರಳಿ ಬಿಡುತ್ತಿದ್ದ ಹವ್ಯಾಸಿಗಳು ನದಿಯ ಒಂದು ಭಾಗದಲ್ಲಿ 1998ರಿಂದ 2012ರವರೆಗೆ ಇರಿಸಿದ್ದ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದರು. ಒಟ್ಟು ಮಹಶೀರ್‌ಗಳ ಸಂಖ್ಯೆ ಏರಿತ್ತು. ಮೇಲ್ನೋಟಕ್ಕೆ ಇದು ಶುಭಸೂಚನೆಯೇ. ಆದರೆ ಜಾತಿಗಳನ್ನು ಬೇರ್ಪಡಿಸಿ ನೋಡಿದಾಗ, ಹೆಚ್ಚಿದ್ದುದು ಹೊರಗಿನಿಂದ ಬಂದ ನೀಲಿ ಈಜುರೆಕ್ಕೆಯದು. ಕಾವೇರಿಯದೇ ಆದ ಡುಬ್ಬದ ಮಹಶೀರ್ ಕ್ಷೀಣಿಸುತ್ತ ನಡೆದಿತ್ತು. 2018ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಏರುತ್ತಿದ್ದ ಸಂಖ್ಯೆಯ ಮರೆಯಲ್ಲಿ ಒಂದು ಸಂತತಿ ಸದ್ದಿಲ್ಲದೆ ಕುಗ್ಗುತ್ತಿದ್ದಿತು.

ಇದರಂತೆಯೇ ಮೀನುಗಳ ವಯಸ್ಸನ್ನೂ ಗಮನಿಸಬೇಕು. ದೊಡ್ಡ ಮೀನುಗಳು ಹೇರಳವಾಗಿದ್ದು ಮರಿಗಳೇ ಕಾಣದಿದ್ದರೆ ಆ ನದಿಯಲ್ಲಿ ಸಂತಾನೋತ್ಪತ್ತಿ ಕುಂಠಿತವಾಗಿದೆ ಎಂದು ಸಂದೇಹಪಡಬೇಕು. ಅಣೆಕಟ್ಟು ದಾರಿಗೆ ಅಡ್ಡವಾಗಿರಬಹುದು. ಮೊಟ್ಟೆಯಿಡುವ ನೆಲೆಯನ್ನು ಮರಳು ತೆಗೆಯುವವರು ಅಗೆದುಹಾಕಿರಬಹುದು. ನೀರು ಎಷ್ಟೇ ನಿರ್ಮಲವಾಗಿದ್ದರೂ ಇಂತಹ ನದಿಯನ್ನು ಆರೋಗ್ಯವಂತವೆಂದು ಹೇಳಲಾಗದು.

ನಾಡಿಯನ್ನು ನೋಡಿದ ಮಾತ್ರಕ್ಕೆ ರೋಗ ವಾಸಿಯಾಗುವುದಿಲ್ಲ. ಮೀನು ಕೇಡಿನ ಸೂಚನೆಯನ್ನು ಕೊಡುತ್ತದೆ. ಕಾರಣವನ್ನು ಹುಡುಕಿ ನಿವಾರಿಸುವ ಹೊಣೆ ಮನುಷ್ಯನದು. ಮೀನಿಗೆ ಬಾಳಲು ತಕ್ಕದ್ದಲ್ಲದ ನೀರನ್ನೇ ದಂಡೆಯ ಊರುಗಳ ಜನರೂ ದನಕರುಗಳೂ ಬಳಸಬೇಕಾಗುತ್ತದೆ ಎಂಬುದನ್ನು ನಾವು ಮರೆಯಬಾರದು.