ನೀರು ಬಿಟ್ಟರು, ಮಳೆ ಬಿಟ್ಟಿತು

ಹಿಡಿದದ್ದನ್ನು ಸಡಿಲಿಸುವುದು ಕನ್ನಡದ ‘ಬಿಡು’ ಕ್ರಿಯಾಪದದ ಮೂಲ ಅರ್ಥ. ಹಿಡಿದವರು ಯಾರು, ಬಿಟ್ಟದ್ದು ಏನನ್ನು ಎಂಬುದರ ಮೇಲೆ ಉಳಿದ ಅರ್ಥಗಳೆಲ್ಲ ನಿಂತಿವೆ. ಇಂಗ್ಲಿಷಿನಲ್ಲಿ ಕ್ರಿಯಾಪದದ ಬೆನ್ನಿಗೆ ಪುಟ್ಟ ಪದವೊಂದು ಸೇರಿ ಅರ್ಥಗಳು ಕವಲೊಡೆಯುತ್ತವೆ: ‘ಟೇಕ್ ಆಫ್’ ಎಂದರೆ ವಿಮಾನ ಮೇಲೇರುವುದೂ ಹೌದು, ಅಂಗಿ ಕಳಚುವುದೂ ಹೌದು. ಕನ್ನಡದಲ್ಲಿ ಈ ಕೆಲಸವನ್ನು ಕ್ರಿಯಾಪದದ ಮುಂಚೆ ಬರುವ ನಾಮಪದವೋ ಇನ್ನೊಂದು ಕ್ರಿಯಾಪದವೋ ಮಾಡುತ್ತದೆ.

ಸುರಪುರ, ಶಹಾಪುರ ಸೀಮೆಯಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯನ್ನು ನಂಬಿ ಭತ್ತ ಹಚ್ಚಿದ ರೈತ ‘ನೀರ ಬಿಟ್ಟಾರೇನ್ರಿ?’ ಎಂದು ಕೇಳಿದರೆ, ನೀರು ಹರಿಯತೊಡಗಿತೇ ಎಂದರ್ಥ. ಅದೇ ರೈತ ‘ಮಳಿ ಬಿಡ್ತೇನ್ರಿ?’ ಎಂದರೆ ನೀರು ಬೀಳುವುದು ನಿಂತಿತೇ ಎಂದರ್ಥ. ಒಂದೇ ಪದ, ತದ್ವಿರುದ್ಧ ಅರ್ಥ. ಆದರೂ ಕೇಳಿದವರಿಗೆ ಗೊಂದಲವಾಗುವುದಿಲ್ಲ. ಕಾಲುವೆಯ ನೀರನ್ನು ಗೇಟಿನಲ್ಲಿ ತಡೆದವರು ಬೇರೆಯವರು. ಅವರು ಬಿಟ್ಟರೆ ಅದು ಹರಿಯುತ್ತದೆ. ಮಳೆಯಾದರೋ ತಾನೇ ಊರನ್ನು ಹಿಡಿದಿರುತ್ತದೆ; ‘ಮಳೆ ಹಿಡಿದಿದೆ’ ಎನ್ನುವುದು ಅದಕ್ಕೇ. ಹಾಗೆಯೇ ‘ಸಾಲಿ ಬಿಟ್ಟದ’ ಎಂದರೆ ಆ ದಿನದ ಪಾಠ ಮುಗಿದು ಮಕ್ಕಳು ಮನೆಗೆ ಹೊರಟಿದ್ದಾರೆ. ‘ಹುಡುಗ ಸಾಲಿ ಬಿಟ್ಟಾನ’ ಎಂದರೆ ಅವನ ಓದೇ ನಿಂತಿದೆ. ‘ಬಸ್ ಬಿಟ್ಟಿತು’ ಎಂದರೆ ಅದು ಹೊರಟಿತು. ‘ನಮ್ಮೂರಿಗೆ ಬಸ್ ಬಿಟ್ಟಾರ’ ಎಂದರೆ ಹೊಸ ಬಸ್ ಬರತೊಡಗಿದೆ.

ಒಳಗಿನದು ಹೊರಗೆ ಬರುವುದೂ ಬಿಡುವುದೇ. ಗಿಡ ಬೇರು ಬಿಡುತ್ತದೆ, ಕಾಯಿ ಬಿಡುತ್ತದೆ. ಬಟ್ಟೆ ಬಣ್ಣ ಬಿಡುತ್ತದೆ. ಮುಚ್ಚಿದ ಕಣ್ಣು ತೆರೆಯುವುದೂ ಕಣ್ಣು ಬಿಡುವುದೇ. ಬಾಯಿ ಬಿಟ್ಟರೆ ಗುಟ್ಟು ರಟ್ಟಾಗುತ್ತದೆ.

ಇದೇ ಸುರಪುರ ಸೀಮೆಯ ಬೋನಾಳದ ಕೆರೆಯ ವರ್ಣನೆಯಲ್ಲೂ ಈ ಪದ ತಪ್ಪದು. ರಂಗನತಿಟ್ಟು ಬಿಟ್ಟರೆ ರಾಜ್ಯದ ಎರಡನೇ ದೊಡ್ಡ ಪಕ್ಷಿಧಾಮ ಬೋನಾಳ ಎಂಬ ಮಾತು ರೂಢಿಯಲ್ಲಿದೆ. ಇಲ್ಲಿನ ‘ಬಿಟ್ಟರೆ’ ಯಾರೂ ಏನನ್ನೂ ಬಿಡದೆ ‘ಹೊರತು’ ಎಂಬ ಅರ್ಥ ಕೊಡುತ್ತದೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಕೆರೆಯಲ್ಲಿ ಬೀಡುಬಿಡುತ್ತವೆ. ಆ ‘ಬೀಡು’ ಹುಟ್ಟಿದ್ದೂ ‘ಬಿಡು’ವಿನಿಂದಲೇ; ‘ಕೆಡು’ವಿನಿಂದ ‘ಕೇಡು’ ಬಂದ ಹಾಗೆ.

ಶಾಸನಗಳಲ್ಲಿ ‘ಬಿಟ್ಟ ದತ್ತಿ’ ಎಂಬುದು ಮತ್ತೆ ಮತ್ತೆ ಸಿಗುತ್ತದೆ. ಗುಡಿಗೋ ಮಠಕ್ಕೋ ಭೂಮಿ ಕೊಟ್ಟವರು ಅದರ ಮೇಲಿನ ತಮ್ಮ ಹಕ್ಕು ಬಿಟ್ಟುಕೊಟ್ಟರು ಎಂಬ ದಾಖಲೆ ಅದು.

ಇನ್ನೊಂದು ಕ್ರಿಯಾಪದದ ಹಿಂದೆ ನಿಂತಾಗ ‘ಬಿಡು’ ಅತ್ಯಂತ ಸೂಕ್ಷ್ಮವಾಗುತ್ತದೆ. ‘ಹೋದ’ ಎಂಬುದು ಬರೀ ಸುದ್ದಿ. ‘ಹೋಗಿಬಿಟ್ಟ’ ಎಂಬುದರಲ್ಲಿ ಇನ್ನು ತಡೆಯಲಾಗದು ಎಂಬ ಭಾವವಿದೆ. ‘ಹೇಳಿಬಿಟ್ಟೆ’ ಎಂಬಲ್ಲಿ ಪಶ್ಚಾತ್ತಾಪ ಇರಬಹುದು, ನಿರಾಳತೆಯೂ ಇರಬಹುದು. ದನಿಯೇ ಅದನ್ನು ತೀರ್ಮಾನಿಸುತ್ತದೆ. ‘ಇದೊಂದು ತುತ್ತು ತಿಂದುಬಿಡು’ ಎಂದು ತಾಯಿ ಮಗುವಿಗೆ ಹೇಳುವಾಗ ಅದು ಓಲೈಕೆ. ಆದರೆ ‘ತಿನ್ನಲು ಬಿಡು’ ಎಂದರೆ ಅನುಮತಿ ಕೊಡು ಎಂದಾಗುತ್ತದೆ. ‘ಬಿಟ್ಟುಬಿಡು’ ಎಂಬಲ್ಲಿ ಪದ ತನಗೆ ತಾನೇ ಸಹಾಯಕವಾಗಿ ನಿಂತಿದೆ: ಮೊದಲನೆಯದು ತ್ಯಾಗ, ಎರಡನೆಯದು ಅದನ್ನು ಪೂರ್ತಿ ಮುಗಿಸುವ ನಿರ್ಧಾರ. ತಮಿಳಿನ ‘ವಿಡು’ ಕೂಡ ‘ಪೋಯ್‌ವಿಟ್ಟಾನ್’ ಎಂಬಲ್ಲಿ ಇದೇ ಕೆಲಸ ಮಾಡುತ್ತದೆ.