ಕಣ್ಣಿನ ಮೇಲಿನ ಗುಳಿ

ಕುದುರೆಯ ಕಣ್ಣಿನ ಮೇಲೆ, ನಮಗೆ ಹುಬ್ಬು ಇರುವ ಜಾಗದಲ್ಲಿ, ಒಂದು ಗುಳಿ ಇರುತ್ತದೆ. ಮೇವು ಅಗಿಯುವಾಗ ಅದು ಒಳಗೆ ಸರಿದು ಮತ್ತೆ ಮೇಲೇಳುವುದನ್ನು ನೋಡಬಹುದು. ವಯಸ್ಸಾದಂತೆ ಗುಳಿ ಆಳವಾಗುತ್ತದೆ. ಆರೋಗ್ಯವಾಗಿದ್ದ ಕುದುರೆಯ ಈ ಗುಳಿ ಒಂದು ಬೆಳಗ್ಗೆ ತುಂಬಿ, ಹೊರಗೆ ಉಬ್ಬಿ, ಕಣ್ಣಿನ ರೆಪ್ಪೆಗಳೂ ಊದಿಕೊಂಡಿದ್ದರೆ ಅದು ಆಫ್ರಿಕನ್ ಕುದುರೆ ರೋಗದ ಒಂದು ಮುಖ. ಇನ್ನೊಂದು ಮುಖ ಇನ್ನೂ ಕ್ರೂರ. ಬೆಳಗ್ಗೆ ಹುಲ್ಲು ತಿಂದ ಕುದುರೆ ಸಂಜೆಯೊಳಗೆ ಮುಂಗಾಲು ಅಗಲಿಸಿ, ಕತ್ತು ಚಾಚಿ, ಉಸಿರಿಗೆ ಒದ್ದಾಡುತ್ತದೆ. ಶ್ವಾಸಕೋಶದ ತುಂಬ ನೀರು. ಸಾಯುವ ಹೊತ್ತಿಗೆ ಮೂಗಿನ ಹೊಳ್ಳೆಗಳಿಂದ ಬಿಳಿ ನೊರೆ ಬಳಬಳನೆ ಸುರಿಯುತ್ತದೆ. ರೋಗ ತಗುಲಿದ ನೂರು ಕುದುರೆಗಳಲ್ಲಿ 70ರಿಂದ 95 ಸಾಯುತ್ತವೆ. ಇದಕ್ಕೆ ಮದ್ದಿಲ್ಲ.

ಈ ರೋಗ ಈಗ ಭಾರತದಲ್ಲಿಲ್ಲ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯು 2014ರಿಂದ ನಮ್ಮನ್ನು ರೋಗಮುಕ್ತ ದೇಶಗಳ ಪಟ್ಟಿಯಲ್ಲಿ ಇಟ್ಟಿದೆ. ಆದರೂ ಈ ಲೇಖನ ಬರೆಯಲು ಕಾರಣವಿದೆ. ಥಾಯ್ಲೆಂಡ್ ಕೂಡ ಅದೇ ಪಟ್ಟಿಯಲ್ಲಿತ್ತು.

2020ರ ಮಾರ್ಚ್‌ನಲ್ಲಿ, ನಾವೆಲ್ಲ ಲಾಕ್‌ಡೌನ್ ಎಂಬ ಹೊಸ ಪದವನ್ನು ಕಲಿಯುತ್ತಿದ್ದ ಅದೇ ವಾರ, ಥಾಯ್ಲೆಂಡಿನ ನಖೋನ್ ರಾಚಸೀಮಾ ಪ್ರಾಂತದ ಪಾಕ್ ಚೋಂಗ್‌ನಲ್ಲಿ ಲಾಯಗಳಲ್ಲಿ ಕುದುರೆಗಳು ಒಂದರ ಹಿಂದೆ ಒಂದು ಸಾಯತೊಡಗಿದವು. ಆ ದೇಶ ಈ ರೋಗವನ್ನು ಹಿಂದೆಂದೂ ಕಂಡಿರಲಿಲ್ಲ. ಪ್ರಯೋಗಾಲಯದ ಉತ್ತರ ಬರುವಷ್ಟರಲ್ಲಿ ರೋಗ ಹಲವು ಲಾಯಗಳಿಗೆ ಹಬ್ಬಿಯಾಗಿತ್ತು. ಕೆಲವೇ ತಿಂಗಳಲ್ಲಿ ಐನೂರಕ್ಕೂ ಹೆಚ್ಚು ಕುದುರೆಗಳು ಹೋದವು. ರೋಗ ಹರಡುವ ಕಚ್ಚುವ ನೊರಜು ಒಳಬರದಂತೆ ಮಾಲೀಕರು ಇಡೀ ಲಾಯಕ್ಕೆ ಸೊಳ್ಳೆ ಪರದೆಗಿಂತ ಸಣ್ಣ ಕಣ್ಣಿನ ಬಲೆ ಹೊಲಿಸಿ ಕಟ್ಟಿದರು. ಸೆಪ್ಟೆಂಬರ್ ಹೊತ್ತಿಗೆ ಪಕ್ಕದ ಮಲೇಷ್ಯಾದಲ್ಲೂ ರೋಗ ಪತ್ತೆಯಾಯಿತು. ಥಾಯ್ಲೆಂಡಿಗೆ ರೋಗಮುಕ್ತ ಸ್ಥಾನ ಮರಳಿ ಸಿಕ್ಕಿದ್ದು 2023ರಲ್ಲಿ.

ರೋಗ ಅಲ್ಲಿಗೆ ಬಂದದ್ದು ಹೇಗೆ? ಆಫ್ರಿಕಾದಿಂದ ತರಿಸಿದ ಜೀಬ್ರಾಗಳ ಮೇಲೆ ಬಲವಾದ ಅನುಮಾನ ಬಿತ್ತು. ಕುದುರೆಯ ಆಮದಿಗೆ ಇದ್ದ ಕಟ್ಟುನಿಟ್ಟು ಆಗ ಅಲ್ಲಿ ಜೀಬ್ರಾಕ್ಕೆ ಇರಲಿಲ್ಲ. ಅನುಮಾನಕ್ಕೆ ಹಳೆಯ ಪುರಾವೆಯೂ ಇತ್ತು. 1987ರಲ್ಲಿ ಸ್ಪೇನಿನ ಮ್ಯಾಡ್ರಿಡ್ ಬಳಿಯ ಸಫಾರಿ ಪಾರ್ಕಿಗೆ ನಮೀಬಿಯಾದಿಂದ ಜೀಬ್ರಾಗಳು ಬಂದವು. ಅವುಗಳ ಹಿಂದೆಯೇ ರೋಗ ಬಂತು. ಚಳಿಗಾಲ ಬಂದರೆ ತಾನೇ ಅಳಿಯುತ್ತದೆ ಎಂದು ನಂಬಿದ್ದರು. ಅಳಿಯಲಿಲ್ಲ. 1990ರವರೆಗೆ ಕಾಡಿತು, ಪೋರ್ಚುಗಲ್ಲಿಗೂ ಮೊರಾಕೋಗೂ ದಾಟಿತು.

ಜೀಬ್ರಾಕ್ಕೆ ಈ ವೈರಸ್ ಹೆಚ್ಚೇನೂ ಮಾಡುವುದಿಲ್ಲ. ಅದು ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ, ಆದರೆ ಅದರ ರಕ್ತದಲ್ಲಿ ವೈರಸ್ 40 ದಿನಗಳವರೆಗೂ ಉಳಿಯಬಹುದು. ಕಣ್ಣಳತೆಯ ತಪಾಸಣೆಗೆ ಸಿಗದ ಪ್ರಾಣಿ ಇದು. ಅಂತಾರಾಷ್ಟ್ರೀಯ ನಿಯಮಗಳು ಪ್ರತ್ಯೇಕವಾಸದ ದಿನಗಳನ್ನು ಎಣಿಸುವುದು, ರಕ್ತವನ್ನು ಎರಡೆರಡು ಬಾರಿ ಪರೀಕ್ಷಿಸುವುದು, ನೊರಜು ನುಗ್ಗದ ಕೊಠಡಿ ಬೇಕೆನ್ನುವುದು ಇದಕ್ಕಾಗಿಯೇ. ಇಂಥ ತಪಾಸಣೆ ಮೊದಲಿನಿಂದ ಇದ್ದದ್ದಲ್ಲ. ವಿಜಯನಗರದ ಕಾಲದಲ್ಲಿ ಹೊರ್ಮುಜ್‌ನಿಂದ, ಏಡನ್ನಿನಿಂದ ಹಡಗಿನಲ್ಲಿ ಕುದುರೆಗಳು ಬರುತ್ತಿದ್ದವು. ಅಲ್ಲಿನ ಅರಸ ಸಾಳುವ ನರಸಿಂಹ ದಾರಿಯಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಬೆಲೆ ಕೊಡುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಸತ್ತದ್ದು ಯಾವುದರಿಂದ ಎಂದು ಕೇಳುವ ಕಾಲ ಅದಾಗಿರಲಿಲ್ಲ. ಭಾರತದಲ್ಲಿ ಅದನ್ನು ಕೇಳುವ ಅಧಿಕಾರ ಕೊಟ್ಟದ್ದು 1898ರ ಜಾನುವಾರು ಆಮದು ಕಾಯಿದೆ. ಇಂದಿಗೂ ಅದೇ ಕಾಯಿದೆ, ತಿದ್ದುಪಡಿಗಳೊಂದಿಗೆ, ನಮ್ಮ ಹೆಬ್ಬಾಗಿಲು. ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕೇಂದ್ರವೊಂದಿದೆ.

ಹೆಬ್ಬಾಗಿಲು ಗಟ್ಟಿಯಿದ್ದರೆ ಸಾಕಲ್ಲವೇ ಎನ್ನುವವರು ಆಸ್ಟ್ರೇಲಿಯಾದ ಕತೆ ಓದಬೇಕು. ಅಲ್ಲಿನ ಪ್ರಾಣಿ ಕ್ವಾರಂಟೈನ್ ಜಗತ್ತಿಗೇ ಮಾದರಿ. 2007ರ ಆಗಸ್ಟ್‌ನಲ್ಲಿ ಜಪಾನಿನಿಂದ ಬೆಲೆಬಾಳುವ ಬೀಜದ ಕುದುರೆಗಳು ಸಿಡ್ನಿಯ ಈಸ್ಟರ್ನ್ ಕ್ರೀಕ್ ಕ್ವಾರಂಟೈನ್ ಕೇಂದ್ರಕ್ಕೆ ಬಂದವು. ಲಸಿಕೆ ಆಗಿತ್ತು, ಕಾಗದಪತ್ರ ಸರಿಯಿತ್ತು, ಬೇಲಿ ಬೀಗ ಎಲ್ಲ ಇದ್ದವು. ಆದರೂ ಕುದುರೆ ಇನ್‌ಫ್ಲುಯೆಂಜಾ ಹೊರಬಿತ್ತು. ಸುಮಾರು 10,000 ಸ್ಥಳಗಳಲ್ಲಿ 70,000ಕ್ಕೂ ಹೆಚ್ಚು ಕುದುರೆಗಳಿಗೆ ತಗುಲಿತು. ರೇಸು ನಿಂತಿತು, ಕುದುರೆ ಸಾಗಾಟ ನಿಂತಿತು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಇಯಾನ್ ಕ್ಯಾಲಿನನ್ ಕೊನೆಗೆ ಬೆರಳಿಟ್ಟದ್ದು ಬಹಳ ಸಣ್ಣ ಸಂಗತಿಯ ಮೇಲೆ. ಕುದುರೆ ಮುಟ್ಟಿದವರು ಸರಿಯಾಗಿ ತೊಳೆದುಕೊಳ್ಳದೆ, ಬಟ್ಟೆ ಸಲಕರಣೆ ಶುಚಿ ಮಾಡದೆ ಹೊರಗೆ ನಡೆದದ್ದರಿಂದಲೇ ವೈರಸ್ ತಪ್ಪಿಸಿಕೊಂಡಿರುವ ಸಂಭವ ಹೆಚ್ಚು ಎಂದರು. ಮರುವರ್ಷ ಅದೇ ರೋಗ ಭಾರತದಲ್ಲಿ ಜಮ್ಮುವಿನ ಕತ್ರಾದಿಂದ ಹೊರಟು ರಾಜ್ಯದಿಂದ ರಾಜ್ಯಕ್ಕೆ ಇಳಿಯಿತು. ಆಗ ಬೇರ್ಪಡಿಸಿದ ವೈರಸ್ ಮಾದರಿಗಳಲ್ಲಿ ಒಂದರ ಹೆಸರು ‘ಮೈಸೂರು/12/08’. ನಮ್ಮ ಊರಿನ ಹೆಸರು ಹೀಗೂ ವಿಜ್ಞಾನದ ದಾಖಲೆಗೆ ಹೋಗಿದೆ.

ಇನ್‌ಫ್ಲುಯೆಂಜಾ ಬಂದ ಕುದುರೆ ಕೆಮ್ಮುತ್ತದೆ, ಸೊರಗುತ್ತದೆ, ಬಹುಪಾಲು ಬದುಕಿಕೊಳ್ಳುತ್ತದೆ. ಆಫ್ರಿಕನ್ ರೋಗ ಹಾಗಲ್ಲ. ಅದಕ್ಕೆ ಮುಟ್ಟುವ ಕೈ ಬೇಕಿಲ್ಲ. ಕುದುರೆಯಿಂದ ಕುದುರೆಗೆ ಅದು ನೇರವಾಗಿ ಹರಡುವುದೂ ಇಲ್ಲ. ಹರಡುವುದು ಕ್ಯೂಲಿಕಾಯ್ಡಿಸ್ ಎಂಬ ಕಚ್ಚುವ ನೊರಜು. ಉದ್ದ ಒಂದರಿಂದ ಮೂರು ಮಿಲಿಮೀಟರ್. ಮೈಮೇಲೆ ಕೂತರೆ ಮೆಣಸಿನಪುಡಿಯ ಚೂರು ಅಂಟಿದಂತೆ ಕಾಣುತ್ತದೆ. ಹೊತ್ತು ಮುಳುಗಿದ ಮೇಲೆ ಹೆಣ್ಣು ನೊರಜು ರಕ್ತ ಹುಡುಕಿ ಹೊರಡುತ್ತದೆ. ಒದ್ದೆ ಸಗಣಿ, ಕೆಸರು, ಕಾಲುವೆ ದಂಡೆ ಅದರ ತೊಟ್ಟಿಲು. ಗಾಳಿ ಹಿಡಿದರೆ ಸಮುದ್ರದ ಮೇಲೂ ನೂರಾರು ಕಿಲೋಮೀಟರ್ ಸಾಗಬಲ್ಲದು.

ಈ ನೊರಜು ನಮಗೆ ಹೊಸದಲ್ಲ. ಮಳೆಗಾಲ ಕಳೆಯುತ್ತಿದ್ದಂತೆ ಕುರಿಗಳ ಬಾಯಿ ಹುಣ್ಣಾಗಿ, ತುಟಿ ಊದಿ, ನಾಲಿಗೆ ಕಪ್ಪಿಟ್ಟು ಕುಂಟುವ ನೀಲಿ ನಾಲಿಗೆ ರೋಗವನ್ನು ಕರ್ನಾಟಕದ ಕುರಿಗಾರರೆಲ್ಲ ಬಲ್ಲರು. ಆ ರೋಗದ ವೈರಸ್ಸೂ ಕುದುರೆ ರೋಗದ ವೈರಸ್ಸೂ ಒಂದೇ ಕುಲದವು. ಎರಡನ್ನೂ ಹೊತ್ತು ತಿರುಗುವುದು ಇದೇ ಜಾತಿಯ ನೊರಜು. ಉತ್ತರ ಕರ್ನಾಟಕದ ಅಲೆಮಾರಿ ಕುರಿಹಿಂಡನ್ನು ನೆನಪಿಸಿಕೊಳ್ಳಿ. ಹೊಲದಲ್ಲಿ ಬಲೆ ಕಟ್ಟಿ ಕುರಿ ತರುಬಿದ್ದಾರೆ. ಪಕ್ಕದಲ್ಲಿ ಗಂಟುಮೂಟೆ, ಪಾತ್ರೆ, ಕೋಳಿಬುಟ್ಟಿ, ಮರಿಗಳನ್ನು ಹೊತ್ತು ಬಂದ ತಟ್ಟು ಕುದುರೆ ಕಾಲಿಗೆ ಹಗ್ಗ ಹಾಕಿಸಿಕೊಂಡು ನಿಂತಿದೆ. ಕುರಿಯ ಕಿವಿ ಕಚ್ಚಿದ ನೊರಜಿಗೆ ಅಲ್ಲಿಂದ ಕುದುರೆಯ ಹೊಟ್ಟೆಗೆ ಹತ್ತು ಮಾರು ದೂರವೂ ಇಲ್ಲ. ರೋಗ ಹರಡಲು ಬೇಕಾದ ಇಡೀ ವ್ಯವಸ್ಥೆ ನಮ್ಮ ಹೊಲಗಳಲ್ಲಿ ಸಿದ್ಧವಾಗಿ ಕೂತಿದೆ. ಬರಬೇಕಾದ್ದು ವೈರಸ್ ಒಂದೇ. ಹವೆಯೂ ತಡೆಯುವುದಿಲ್ಲ. ನೊರಜಿನ ಒಡಲಲ್ಲಿ ವೈರಸ್ ಬೆಳೆಯಲು ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖ ಬೇಕು. ನಮ್ಮಲ್ಲಿ ಅದು ವರ್ಷವಿಡೀ ಸಿಗುತ್ತದೆ.

ಇದು ಬರೀ ಊಹೆಯಲ್ಲ, ಒಮ್ಮೆ ಆಗಿಹೋದದ್ದು. 1959ರಲ್ಲಿ ಇರಾನಿನಲ್ಲಿ ಕಾಣಿಸಿಕೊಂಡ ರೋಗ ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ 1960ರಲ್ಲಿ ಭಾರತಕ್ಕೆ ಬಂತು. ಪಶ್ಚಿಮದಲ್ಲಿ ಟರ್ಕಿ, ಸೈಪ್ರಸ್‌ವರೆಗೆ ಹೋಯಿತು. ಎಲ್ಲ ಸೇರಿ ಸತ್ತ ಕುದುರೆ, ಕತ್ತೆ, ಹೇಸರಗತ್ತೆಗಳು 3,00,000ಕ್ಕೂ ಹೆಚ್ಚು. ಇಂದು ನಮ್ಮಲ್ಲಿ ಉಳಿದಿರುವ ಕುದುರೆಗಳೇ ಹೆಚ್ಚುಕಡಿಮೆ ಅಷ್ಟು. 2019ರ ಜಾನುವಾರು ಗಣತಿಯಲ್ಲಿ ಕುದುರೆ ಮತ್ತು ತಟ್ಟುಗಳು 3.4 ಲಕ್ಷ, ಕತ್ತೆಗಳು 1.2 ಲಕ್ಷ. ಅದಕ್ಕೂ ಏಳು ವರ್ಷ ಹಿಂದಿನ ಲೆಕ್ಕಕ್ಕೆ ಹೋಲಿಸಿದರೆ ಕುದುರೆ ಸುಮಾರು ಅರ್ಧದಷ್ಟು ಕರಗಿದೆ, ಕತ್ತೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲಿಗೆ ಇಳಿದಿದೆ. ಇಷ್ಟು ಸಣ್ಣ ಸಂಖ್ಯೆಯ ಮೇಲೆ ಅಂಥ ಹೊಡೆತ ಬಿದ್ದರೆ ನಾಡತಳಿಗಳು ಚೇತರಿಸಿಕೊಳ್ಳುತ್ತವೆಂಬ ನಂಬಿಕೆ ನನಗಿಲ್ಲ.

ಲಸಿಕೆ ಇಲ್ಲವೇ ಎಂಬ ಪ್ರಶ್ನೆ ಸಹಜ. ಇದೆ, ದಕ್ಷಿಣ ಆಫ್ರಿಕಾದಲ್ಲಿ ತಯಾರಾಗುವ, ಬಲಗುಂದಿಸಿದ ಜೀವಂತ ವೈರಸ್ಸಿನ ಲಸಿಕೆ. ಥಾಯ್ಲೆಂಡ್ ಕೂಡ ಅದನ್ನೇ ತರಿಸಿತು. ಆದರೆ ರೋಗವಿಲ್ಲದ ದೇಶದಲ್ಲಿ ಮುಂಚೆಯೇ ಚುಚ್ಚಿಡುವ ಲಸಿಕೆ ಅಲ್ಲ ಅದು. ಲಸಿಕೆಯ ವೈರಸ್ಸನ್ನೇ ನೊರಜು ಹೊತ್ತೊಯ್ದು, ಅದು ಮತ್ತೆ ಬಲಿತು ರೋಗ ಎಬ್ಬಿಸಿದ್ದುಂಟು. 2004ರಲ್ಲೂ 2014ರಲ್ಲೂ ದಕ್ಷಿಣ ಆಫ್ರಿಕಾದ ವೆಸ್ಟರ್ನ್ ಕೇಪ್‌ನಲ್ಲಿ ಎದ್ದ ರೋಗದ ಮೂಲ ಲಸಿಕೆಯೇ ಎಂದು ವಂಶವಾಹಿ ಪರೀಕ್ಷೆ ತೋರಿಸಿತು. ಸಾಲದ್ದಕ್ಕೆ ಈ ವೈರಸ್ಸಿನಲ್ಲಿ ಒಂಬತ್ತು ಬಗೆಗಳಿವೆ. ಯಾವುದು ಬಂದಿದೆ ಎಂದು ಮೊದಲು ಗೊತ್ತಾಗಬೇಕು. ಗೊತ್ತಾಗುವ ಮೊದಲ ದಿನಗಳೇ ಎಲ್ಲವನ್ನೂ ನಿರ್ಧರಿಸುತ್ತವೆ.

ಕಳೆದುಕೊಳ್ಳುವುದು ಪ್ರಾಣಿಗಳನ್ನಷ್ಟೇ ಅಲ್ಲ. 2025ರಲ್ಲಿ ಮೀರತ್ ದಂಡುಪ್ರದೇಶದಲ್ಲಿರುವ ಸೇನೆಯ ಪಶುವೈದ್ಯ ದಳದ (ಆರ್‌ವಿಸಿ) ಕೇಂದ್ರಕ್ಕೆ ಭಾರತದ ಮೊದಲ ಕುದುರೆ ರೋಗಮುಕ್ತ ವಲಯವೆಂಬ ಅಂತಾರಾಷ್ಟ್ರೀಯ ಮನ್ನಣೆ ಸಿಕ್ಕಿತು. ಇಲ್ಲಿಂದ ಕುದುರೆಯನ್ನು ಹೊರದೇಶದ ಸ್ಪರ್ಧೆಗೆ ಕಳಿಸುವ ದಾರಿ ಈಗಷ್ಟೇ ತೆರೆಯುತ್ತಿದೆ. 2023ರ ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಕುದುರೆ ಸವಾರಿಯಲ್ಲಿ ಡ್ರೆಸಾಜ್ ಚಿನ್ನ ಗೆದ್ದ ನಮ್ಮ ಸವಾರರು ಯುರೋಪಿನಲ್ಲಿದ್ದುಕೊಂಡೇ ತಯಾರಾಗಬೇಕಾಗಿತ್ತು. ದೇಶಕ್ಕೆ ಆಫ್ರಿಕನ್ ರೋಗ ಹೊಕ್ಕರೆ ಈ ದಾರಿ ಮತ್ತೆ ಮುಚ್ಚುತ್ತದೆ. 2011ರಲ್ಲಿ ಒಂದು ಸಲ ರೋಗ ಎದ್ದದ್ದಕ್ಕೆ ದಕ್ಷಿಣ ಆಫ್ರಿಕಾ ಯುರೋಪಿಗೆ ನೇರವಾಗಿ ಕುದುರೆ ಕಳಿಸುವ ಹಕ್ಕು ಕಳೆದುಕೊಂಡಿತು, ಮರಳಿ ಪಡೆಯಲು 2024 ಆಗಬೇಕಾಯಿತು.

ನನ್ನ ಹೆದರಿಕೆ ರೇಸ್ ಕುದುರೆಗಳ ಬಗ್ಗೆ ಅಷ್ಟಿಲ್ಲ. ಅವುಗಳಿಗೆ ಪಾಸ್‌ಪೋರ್ಟಿದೆ, ವೈದ್ಯರಿದ್ದಾರೆ, ಮೈ ಬಿಸಿಯಾದರೆ ನೋಡಲು ಸೈಸ್ ಪಕ್ಕದಲ್ಲೇ ಮಲಗಿರುತ್ತಾನೆ. ಮದುವೆ ದಿಬ್ಬಣದ ಕುದುರೆ, ಕುರಿಗಾರರ ತಟ್ಟು, ಬೀದಿಯಲ್ಲಿ ‘ಕತ್ತೆ ಹಾಲು’ ಎಂದು ಕೂಗುತ್ತ ಊರಿಂದೂರಿಗೆ ನಡೆಯುವವರ ಕತ್ತೆ, ಇವಕ್ಕೆ ಕಾಗದವಿಲ್ಲ. ನಮ್ಮ ಕತ್ತೆಗಳಿಗೆ ಈ ರೋಗ ಬಂದರೆ ಹತ್ತರಲ್ಲಿ ಒಂದು ಸಾಯಬಹುದು, ಉಳಿದವು ಸದ್ದಿಲ್ಲದೆ ಮುಂದಿನ ಊರಿಗೆ ನಡೆಯುತ್ತವೆ. ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ನೀಲಿ ನಾಲಿಗೆ ರೋಗ ಯಾವ ಜಿಲ್ಲೆಯಲ್ಲಿ ಯಾವ ತಿಂಗಳು ಬರಬಹುದೆಂದು ಮುನ್ಸೂಚನೆ ಕೊಡುತ್ತದೆ. ಆ ನಕ್ಷೆ ನೊರಜಿನ ನಕ್ಷೆಯೂ ಹೌದು, ಹಾಗಾಗಿ ಕುದುರೆ ರೋಗ ಮೊದಲು ಎಲ್ಲಿ ಬೇರೂರಬಹುದೆಂಬುದರ ನಕ್ಷೆಯೂ ಹೌದು. ಆ ಜಿಲ್ಲೆಗಳ ಪಶು ವೈದ್ಯರಿಗೆ ಈ ರೋಗದ ಚಿತ್ರ ಇಂದೇ ತೋರಿಸಬೇಕು, ಹಟ್ಟಿಗಳಿಗೂ ತಲುಪಿಸಬೇಕು. ಹೊರಗಿನಿಂದ ಬರುವ ಪ್ರತಿ ಜೀಬ್ರಾವನ್ನೂ ಪ್ರತಿ ಕತ್ತೆಯನ್ನೂ ಕುದುರೆಯಷ್ಟೇ ಬಿಗಿಯಾಗಿ, ನೊರಜು ನುಸುಳದ ಬಲೆಯೊಳಗೆ, ಪೂರ್ತಿ ದಿನ ಇರಿಸಬೇಕು.

ಹಳ್ಳಿಯಲ್ಲಿ ಕುದುರೆ ಸತ್ತರೆ ಹಾವು ಕಚ್ಚಿತೆಂದೋ ಹೊಟ್ಟೆನೋವೆಂದೋ ಹೇಳಿ ಮಧ್ಯಾಹ್ನದೊಳಗೆ ಹೂಳಿಬಿಡುತ್ತಾರೆ. ಮೂಗಿನಲ್ಲಿ ನೊರೆ ಕಂಡಿದ್ದರೆ, ಕಣ್ಣಿನ ಮೇಲಿನ ಗುಳಿ ತುಂಬಿದ್ದರೆ, ಗುಂಡಿ ತೋಡುವ ಮುಂಚೆ ತಾಲ್ಲೂಕಿನ ಪಶು ಆಸ್ಪತ್ರೆಗೆ ಒಂದು ಫೋನು ಮಾಡಿ. ನಾಯಿಗಳನ್ನು ಹೆಣದ ಹತ್ತಿರ ಬಿಡಬೇಡಿ, ಆ ಮಾಂಸ ತಿಂದ ನಾಯಿಗೂ ರೋಗ ತಗುಲುತ್ತದೆ. ವೈದ್ಯರು ಗುಲ್ಮದ ಒಂದು ತುಂಡು, ಶ್ವಾಸಕೋಶದ ಒಂದು ತುಂಡು ತೆಗೆದು ಐಸ್ ಡಬ್ಬಿಯಲ್ಲಿ, ಹೆಪ್ಪುಗಟ್ಟಿಸದೆ ಬರೀ ತಣ್ಣಗಿಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಜೊತೆಗಿದ್ದ ಬೇರೆ ಕುದುರೆಗಳನ್ನು ಅಂದು ಹೊತ್ತು ಮುಳುಗುವ ಮುಂಚೆ ಒಳಗೆ ಕಟ್ಟಿ, ಬಾಗಿಲಿಗೂ ಕಿಟಕಿಗೂ ಸಣ್ಣ ಕಣ್ಣಿನ ಬಲೆ ಬಿಗಿಯಿರಿ.