ಲ್ಯಾಪ್‌ಟಾಪಿನ ಶಾಖವೂ ಅದರ ಶಮನವೂ

ಪೂರ್ವವಿದ್ಯಾರ್ಥಿನಿಯರಾದ ನಾವು ನಾಲ್ವರು ಒಂದೆಡೆ ಸೇರಿದರೆ ಮಕ್ಕಳ ವಿದ್ಯಾಭ್ಯಾಸದ ಮಾತು ಬರುವುದು ಸಹಜವಷ್ಟೆ. ಈಚೆಗೆ ಆ ಮಾತಿನೊಡನೆ ಒಂದು ದೂರೂ ಕೇಳಿಬರುತ್ತಿದೆ. “ಮಗಳು ಲ್ಯಾಪ್‌ಟಾಪಿನಲ್ಲಿ ಆಟಕ್ಕೆ ಕುಳಿತರೆ ಅರ್ಧ ಗಂಟೆಯೊಳಗೆ ಅದು ದೋಸೆಯ ಹೆಂಚಿನಂತೆ ಕಾದುಹೋಗುತ್ತದೆ. ಒಳಗಿನ ಫ್ಯಾನು ಭೋರ್ಗರೆಯುತ್ತದೆ. ಯಂತ್ರ ಕೆಟ್ಟರೆ ಓದಿಗೇನು ಗತಿ?” ಈ ಭಯವು ನಿರಾಧಾರವಾದುದಲ್ಲ. ಎಷ್ಟೋ ಮನೆಗಳಲ್ಲಿ ಪಾಠಕ್ಕೂ ಆಟಕ್ಕೂ ಇರುವುದು ಒಂದೇ ಯಂತ್ರ. ಆದರೆ ಭಯಪಡುವುದಕ್ಕೆ ಮೊದಲು ಕಾರಣವನ್ನು ತಿಳಿಯುವುದು ಲೇಸು.

ಶಾಖವು ಹುಟ್ಟುವುದೆಲ್ಲಿ? ಲ್ಯಾಪ್‌ಟಾಪಿನೊಳಗೆ ಲೆಕ್ಕ ಹಾಕುವ ಚಿಪ್ಪು ಒಂದು, ಚಿತ್ರ ರಚಿಸುವ ಚಿಪ್ಪು ಇನ್ನೊಂದು. ಇವು ಭಾರವನ್ನೆತ್ತುವುದಿಲ್ಲ, ಚಕ್ರವನ್ನು ತಿರುಗಿಸುವುದಿಲ್ಲ. ಆದಕಾರಣ ಇವು ಬಳಸಿದ ವಿದ್ಯುತ್ತೆಲ್ಲವೂ ಕಡೆಗೆ ಶಾಖವಾಗಿಯೇ ಪರಿಣಮಿಸುತ್ತದೆ. ಪತ್ರ ಬರೆಯುವಾಗ ಇವುಗಳಿಗೆ ಅಲ್ಪ ವಿದ್ಯುತ್ತು ಸಾಕು. ಆಟದಲ್ಲಾದರೋ ಪ್ರತಿ ಸೆಕೆಂಡಿಗೆ 60 ಅಥವಾ ಅದಕ್ಕೂ ಹೆಚ್ಚು ಚಿತ್ರಗಳನ್ನು ಹೊಸದಾಗಿ ಬಿಡಿಸಬೇಕು. ಆಗ ಆಟಕ್ಕೆಂದೇ ಮಾಡಿದ ಲ್ಯಾಪ್‌ಟಾಪಿನ ಎರಡು ಚಿಪ್ಪುಗಳೂ ಸೇರಿ 100 ವಾಟನ್ನು ಮೀರುವುದುಂಟು. ನಮ್ಮ ಬಾಲ್ಯದಲ್ಲಿ ನಡುಮನೆಗೆ ಬೆಳಕು ಕೊಡುತ್ತಿದ್ದ 100 ವಾಟಿನ ಬಲ್ಬನ್ನು ಒಂದು ತೆಳು ಪುಸ್ತಕದೊಳಗೆ ಮುಚ್ಚಿಟ್ಟರೆ ಏನಾದೀತೆಂದು ಊಹಿಸಿರಿ. ಹೀಗಿರಲಾಗಿ ಆಟದ ವೇಳೆ ಯಂತ್ರವು ಬಿಸಿಯಾಗುವುದು ರೋಗವಲ್ಲ. ಆ ಶಾಖಕ್ಕೆ ಹೊರಹೋಗಲು ದಾರಿಯಿಲ್ಲದಿರುವುದೇ ರೋಗ.

ಆ ದಾರಿ ಯಾವುದು? ಶಾಖವು ಲೋಹದ ಮೂಲಕ ಸಾಗುವುದನ್ನೂ ಗಾಳಿಯೊಡನೆ ಹರಿದುಹೋಗುವುದನ್ನೂ, ಅಂದರೆ ವಹನ, ಸಂವಹನಗಳನ್ನು, ನಾವು ಇದೇ ಶಾಲೆಯ ಬೆಂಚಿನ ಮೇಲೆ ಕುಳಿತು ಕಲಿತೆವು. ಇಲ್ಲಿ ಎರಡಕ್ಕೂ ಕೆಲಸವುಂಟು. ಚಿಪ್ಪಿನ ಮೇಲೆ ತೆಳ್ಳಗೆ ಬಳಿದ ಲೇಪದ ಮೂಲಕ ಶಾಖವು ತಾಮ್ರದ ಕೊಳವೆಗೆ ದಾಟುತ್ತದೆ. ಈ ಕೊಳವೆಯೊಳಗೆ ಗಾಳಿಯನ್ನು ತೆಗೆದು, ಕೊಂಚವೇ ನೀರನ್ನಿಟ್ಟು, ಎರಡು ತುದಿಗಳನ್ನೂ ಮುಚ್ಚಿರುತ್ತಾರೆ. ಇಡ್ಲಿ ಬೇಯಿಸುವ ಪಾತ್ರೆಯಲ್ಲಿ ತಳದ ನೀರು ಆವಿಯಾಗಿ ಮೇಲೇರಿ, ಮುಚ್ಚಳಕ್ಕೆ ತಾಗಿ ಹನಿಯಾಗಿ ಇಳಿಯುವುದನ್ನು ತಾಯಂದಿರೆಲ್ಲರೂ ಬಲ್ಲರು. ಕೊಳವೆಯಲ್ಲಿ ನಡೆಯುವುದೂ ಅದೇ. ಬಿಸಿ ತುದಿಯಲ್ಲಿ ನೀರು ಆವಿಯಾಗಿ ತಂಪು ತುದಿಗೆ ಓಡುತ್ತದೆ. ಅಲ್ಲಿ ಶಾಖವನ್ನು ಬಿಟ್ಟುಕೊಟ್ಟು ಮತ್ತೆ ನೀರಾಗುತ್ತದೆ. ಕೊಳವೆಯ ಒಳಮೈಯ ಪದರವು ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ ಆ ನೀರನ್ನು ಹೀರಿ ಹಿಂದಕ್ಕೆ ಒಯ್ಯುತ್ತದೆ. ಈ ಉಪಾಯಕ್ಕೆ 1944ರಲ್ಲಿಯೇ ಅಮೆರಿಕದಲ್ಲಿ ಪೇಟೆಂಟು ದೊರೆತಿತ್ತು. 1963ರಲ್ಲಿ ಲಾಸ್ ಅಲಮಾಸ್ ಪ್ರಯೋಗಶಾಲೆಯ ಜಾರ್ಜ್ ಗ್ರೋವರ್ ಎಂಬ ವಿಜ್ಞಾನಿಯು ಸ್ವತಂತ್ರವಾಗಿ ಇದನ್ನು ಕಂಡುಕೊಂಡ ಮೇಲೆ ಇದರ ಬಳಕೆ ಹಬ್ಬಿತು.

ಕೊಳವೆಯ ತಂಪು ತುದಿಯಲ್ಲಿ ಬಾಚಣಿಗೆಯ ಹಲ್ಲುಗಳಂತೆ ಒತ್ತಾಗಿ ನಿಂತ ಲೋಹದ ರೆಕ್ಕೆಗಳಿವೆ. ಫ್ಯಾನು ಸಾಮಾನ್ಯವಾಗಿ ಯಂತ್ರದ ತಳದ ಕಿಂಡಿಗಳಿಂದ ಗಾಳಿಯನ್ನೆಳೆದು ಈ ರೆಕ್ಕೆಗಳ ನಡುವೆ ಹಾಯಿಸಿ ಹಿಂದಕ್ಕೋ ಪಕ್ಕಕ್ಕೋ ದೂಡುತ್ತದೆ. ಈ ದಾರಿಯಲ್ಲಿ ಎಲ್ಲಿ ತಡೆಯುಂಟಾದರೂ ಚಿಪ್ಪಿನ ತಾಪವು ಏರುತ್ತದೆ. ಅದು ಸುಮಾರು 95ರಿಂದ 100 ಡಿಗ್ರಿ ಸೆಲ್ಸಿಯಸ್ ತಲಪಿದಾಗ ಚಿಪ್ಪು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ; ಆಟದ ಚಿತ್ರವು ತಡೆತಡೆದು ಓಡುವುದಕ್ಕೆ ಇದೂ ಒಂದು ಕಾರಣ. ತಾಪವು ಇನ್ನೂ ಏರಿದರೆ ಯಂತ್ರವು ತನ್ನ ರಕ್ಷಣೆಗಾಗಿ ಆರಿಹೋಗುತ್ತದೆ.

ನಮ್ಮ ಮನೆಯಲ್ಲಿಯೇ ನಡೆದುದನ್ನು ಹೇಳುತ್ತೇನೆ. ಮಗಳ ಪಿ.ಯು.ಸಿ. ಪರೀಕ್ಷೆಗೆ ಮೂರು ವಾರವಿರುವಾಗ ಅವಳ ಲ್ಯಾಪ್‌ಟಾಪು ಪದೇ ಪದೇ ಆರತೊಡಗಿತು. ರಜೆಯಲ್ಲಿ ಆಡಿದ ಆಟದಿಂದಲೇ ಹೀಗಾಯಿತೆಂದು ನಾನು ಅವಳನ್ನು ಕಠಿಣವಾಗಿ ಬೈದೆನು. ಅವಳು ಎದುರಾಡಲಿಲ್ಲ, ಆ ರಾತ್ರಿ ಊಟಕ್ಕೂ ಬರಲಿಲ್ಲ. ಮರುದಿನ ದುರಸ್ತಿಯವರು ತಳವನ್ನು ಬಿಚ್ಚಿ ತೋರಿಸಿದರು. ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಧೂಳೂ ಹತ್ತಿಯ ಎಳೆಗಳೂ ಸೇರಿ ಕಂಬಳಿಯ ತುಂಡಿನಂತೆ ದಟ್ಟವಾಗಿ ಕೂತಿದ್ದವು. “ಹಾಸಿಗೆಯ ಮೇಲಿಟ್ಟು ಬಳಸುತ್ತೀರಾ ಅಮ್ಮಾ?” ಎಂದು ಅವರು ಕೇಳಿದರು. ಊಟದ ಮೇಜನ್ನು ತುಂಬಬೇಡ, ಹಾಸಿಗೆಯ ಮೇಲೆ ಕುಳಿತು ಆಡಿಕೊ ಎಂದು ಅವಳಿಗೆ ಹೇಳಿದ್ದವಳು ನಾನೇ! ಶುಚಿಮಾಡಿಸಿದ ಮೇಲೆ ಪರೀಕ್ಷೆ ಮುಗಿಯುವವರೆಗೆ ಯಂತ್ರವು ಒಮ್ಮೆಯೂ ಆರಲಿಲ್ಲ. ಮಗಳೆದುರು ನನ್ನ ತಪ್ಪನ್ನು ಒಪ್ಪಿಕೊಂಡೆನು.

ಇನ್ನು ಮಾಡತಕ್ಕ ಉಪಾಯಗಳನ್ನು ನೋಡೋಣ.

ಮೊದಲನೆಯದು, ಯಂತ್ರವನ್ನಿಡುವ ಜಾಗ. ಹಾಸಿಗೆ, ದಿಂಬು, ಕಂಬಳಿ ಇವು ತಳದ ಕಿಂಡಿಗಳನ್ನು ಮುಚ್ಚಿಬಿಡುತ್ತವೆ. ಗಟ್ಟಿಯಾದ ಮೇಜಿನ ಮೇಲಿಟ್ಟು, ಹಿಂದಿನ ಅಂಚನ್ನು ಒಂದೆರಡು ಅಂಗುಲ ಎತ್ತರಿಸಬೇಕು. ಎರಡು ಮರದ ತುಂಡುಗಳಾದರೂ ಸಾಕು. ಗಾಳಿ ಹೊರಬರುವ ಕಡೆ ಗೋಡೆಯಾಗಲಿ ಪುಸ್ತಕದ ರಾಶಿಯಾಗಲಿ ಇರಕೂಡದು. ಅಂಗಡಿಯಲ್ಲಿ ಸಿಗುವ ಫ್ಯಾನಿನ ಪೀಠವೂ ಕೆಲವು ಡಿಗ್ರಿ ತಗ್ಗಿಸಬಲ್ಲುದು. ಆದರೆ ಅದನ್ನು ಕೊಳ್ಳುವುದಕ್ಕೆ ಮುಂಚೆ ಈ ಖರ್ಚಿಲ್ಲದ ಉಪಾಯವನ್ನು ಪರೀಕ್ಷಿಸಿ ನೋಡಿರಿ.

ಎರಡನೆಯದು, ಧೂಳು. ಕೆಲವು ತಿಂಗಳಿಗೊಮ್ಮೆ ಯಂತ್ರವನ್ನು ಆರಿಸಿ, ವಿದ್ಯುತ್ತಿನ ತಂತಿಯನ್ನು ಕಳಚಿ, ಕಿಂಡಿಗಳಿಗೆ ಡಬ್ಬಿಯ ಒತ್ತುಗಾಳಿಯನ್ನು ಚಿಕ್ಕ ಚಿಕ್ಕದಾಗಿ ಬಿಡಬಹುದು. ಆಗ ಫ್ಯಾನು ಗಿರಗಿರನೆ ತಿರುಗದಂತೆ ಒಂದು ಕಡ್ಡಿಯಿಂದ ಮೆಲ್ಲಗೆ ತಡೆಹಿಡಿಯಬೇಕು. ಧೂಳು ದಟ್ಟವಾಗಿದ್ದರೆ ಬಲ್ಲವರಿಂದ ತಳವನ್ನು ಬಿಚ್ಚಿಸುವುದೇ ಸರಿ. ಕೆಲವು ವರ್ಷಗಳ ಮೇಲೆ ಚಿಪ್ಪಿನ ಲೇಪವು ಒಣಗುವುದರಿಂದ ಅದನ್ನೂ ಆಗಲೇ ಬದಲಾಯಿಸಿಕೊಳ್ಳಬಹುದು.

ಮೂರನೆಯದು, ಕೆಲಸದ ಹೊರೆ. ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸಬಲ್ಲ ಪರದೆಗೆ 120 ಚಿತ್ರಗಳನ್ನು ಸಿದ್ಧಪಡಿಸಿದರೆ ಅರ್ಧದಷ್ಟು ಶ್ರಮವು ಶಾಖವಾಗಿ ಪೋಲಾಗುತ್ತದೆ. ಅನೇಕ ಆಟಗಳ ಸೆಟ್ಟಿಂಗ್ಸ್‌ನಲ್ಲಿ ‘ಫ್ರೇಮ್ ರೇಟ್’ ಎಂಬಲ್ಲಿ ಈ ಸಂಖ್ಯೆಗೆ ಮಿತಿಯನ್ನು ಹಾಕಬಹುದು. ನೆರಳು, ಪ್ರತಿಬಿಂಬ ಮೊದಲಾದವುಗಳ ಸೊಗಸನ್ನು ಒಂದು ಮೆಟ್ಟಿಲು ಇಳಿಸಿದರೂ ಹೊರೆ ತಗ್ಗುತ್ತದೆ. ಇದನ್ನು ಮಕ್ಕಳು ನಮಗಿಂತ ಚೆನ್ನಾಗಿ ಬಲ್ಲರು. ಕಾರಣವನ್ನು ತಿಳಿಸಿದರೆ ತಾವೇ ಮಾಡುವರು.

ನಾಲ್ಕನೆಯದು, ಕೋಣೆಯ ಗಾಳಿ. ಕೋಣೆಗಿಂತ ತಣ್ಣಗೆ ಯಂತ್ರವನ್ನು ಮಾಡಲು ಫ್ಯಾನಿಗೆ ಶಕ್ತಿಯಿಲ್ಲ. ಕೋಣೆಯು 25 ಡಿಗ್ರಿಯಿಂದ 38 ಡಿಗ್ರಿಗೇರಿದರೆ ಆ 13 ಡಿಗ್ರಿಯ ಏರಿಕೆ ಬಹುಮಟ್ಟಿಗೆ ಯಂತ್ರದೊಳಗೂ ಕಾಣಿಸುತ್ತದೆ. ಆದುದರಿಂದ ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಮಧ್ಯಾಹ್ನಕ್ಕಿಂತ ಮುಂಜಾನೆಯ ಆಟ ಲೇಸು. ಕರಾವಳಿಯ ಬೆವರಿನ ಸೆಖೆಯು ನಮ್ಮನ್ನು ಬಾಧಿಸಿದಷ್ಟು ಯಂತ್ರವನ್ನು ಬಾಧಿಸದು. ಅದಕ್ಕೆ ಬೆವರಿಲ್ಲ, ಗಾಳಿಯ ತಾಪವೇ ಅದಕ್ಕೆ ಲೆಕ್ಕ. ಆದರೆ ಬಿಸಿಯಾದ ಯಂತ್ರಕ್ಕೆ ಒದ್ದೆ ಬಟ್ಟೆಯನ್ನು ಹೊದಿಸುವುದೂ ಅದನ್ನು ಫ್ರಿಜ್ಜಿನಲ್ಲಿಡುವುದೂ ಕೂಡದು. ನೀರಿನ ಪಸೆ ಒಳಗೆ ಸೇರಿ ಕೆಡುಕಾಗುವುದು.

ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯಬಾರದು. ಹೆಚ್ಚಿನ ಶಾಖದಲ್ಲಿ ಬ್ಯಾಟರಿಯು ಬೇಗ ಮುಪ್ಪಾಗುತ್ತದೆ. ಬ್ಯಾಟರಿ ಉಬ್ಬಿ ಕೀಲಿಮಣೆಯಾಗಲಿ ತಳವಾಗಲಿ ಎದ್ದಂತೆ ಕಂಡರೆ ಆ ಕ್ಷಣವೇ ಬಳಕೆಯನ್ನು ನಿಲ್ಲಿಸಿ ದುರಸ್ತಿಯವರಿಗೆ ತೋರಿಸತಕ್ಕದ್ದು. ಅದನ್ನು ಒತ್ತುವುದೂ ಚುಚ್ಚುವುದೂ ಬೆಂಕಿಗೆ ಕಾರಣವಾದೀತು. ಎರಡನೆಯದು ದೇಹದ ವಿಷಯ. ಲ್ಯಾಪ್‌ಟಾಪು ಎಂಬ ಹೆಸರೇ ಮಡಿಲನ್ನು ಸೂಚಿಸುವುದಾದರೂ ಆಟದ ವೇಳೆ ಅದಕ್ಕೆ ಮಡಿಲು ತಕ್ಕ ಸ್ಥಳವಲ್ಲ. ದಿನವೂ ಹಲವು ಗಂಟೆ ಹೀಗೆ ತೊಡೆಯ ಮೇಲಿಟ್ಟು ಆಡುತ್ತಿದ್ದ 12 ವರ್ಷದ ಬಾಲಕನೊಬ್ಬನ ತೊಡೆಯಲ್ಲಿ ಕಂದುಬಣ್ಣದ ಬಲೆಯಂತಹ ಕಲೆ ಮೂಡಿದುದನ್ನು ಸ್ವಿಟ್ಜರ್ಲೆಂಡಿನ ವೈದ್ಯರು 2010ರಲ್ಲಿ ವರದಿಮಾಡಿದ್ದಾರೆ. ಚರ್ಮವನ್ನು ಬೊಬ್ಬೆಯೇಳಿಸದ ಸಾಧಾರಣ ಬಿಸಿಯೂ ಬಹುಕಾಲ ತಾಗಿದರೆ ಹೀಗೆ ಹಾನಿಮಾಡುವುದುಂಟು.

ಸೋದರಿಯರೇ, ಮಕ್ಕಳು ಎಷ್ಟು ಹೊತ್ತು ಆಡಬೇಕೆಂಬುದು ಆಯಾ ಮನೆಯ ತೀರ್ಮಾನ. ಅದರಲ್ಲಿ ನಾನು ಕೈಹಾಕೆನು. ಆದರೆ ಯಂತ್ರ ಬಿಸಿಯಾಯಿತೆಂಬ ಒಂದೇ ಕಾರಣದಿಂದ ಮಗಳನ್ನು ಗದರಿಸುವುದಕ್ಕೆ ಮುಂಚೆ, ಅದನ್ನು ಆರಿಸಿ, ಅವಳೊಡನೆ ಕುಳಿತು, ಮೆಲ್ಲನೆ ಎತ್ತಿ ಕೆಳಗಡೆ ನೋಡಿರಿ.